ಮಗಳಿಗೊಂದು ಪತ್ರ: ಕಿವಿಗೆ ಬಿದ್ದ ಹೆಸರು ಬೆರಳಿಗೂ ಬರಬೇಕು

ಪ್ರೀತಿಯ ಮಗಳಿಗೆ,

ಅವ್ವನ ಆಶೀರ್ವಾದ. ನೀನು ಕಳಿಸಿದ ಐದು ಹೆಸರಿನ ಪಟ್ಟಿ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಧಾರವಾಡ ಚಟ್ನಿ ಮನೆ, ಬ್ಯಾಡಗಿ ಖಾರ, ಒರಳುಕಲ್ಲು, ಬುತ್ತಿ, ಕುಸುಬಿ. ಚಟ್ನಿಪುಡಿ, ಮಸಾಲಿ ಖಾರ, ಖಡಕ್ ರೊಟ್ಟಿ ಮಾರುವ ಅಂಗಡಿಗೆ ಐದೂ ಒಪ್ಪುವಂಥವೇ, ಕೇಳಲಿಕ್ಕೂ ಚೆಂದ. ಆದರೆ ನಿನ್ನ ಗಿರಾಕಿ ಈ ಹೆಸರನ್ನು ಕನ್ನಡ ಲಿಪಿಯಲ್ಲಿ ಓದುವುದಕ್ಕಿಂತ ಹೆಚ್ಚಾಗಿ ಬಾಯಿಂದ ಕೇಳುತ್ತಾನೆ, ಕೇಳಿದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಫೋನಿನಲ್ಲಿ ಒತ್ತುತ್ತಾನೆ. ಈ ದಾರಿಯಲ್ಲೇ ಅರ್ಧ ಹೆಸರುಗಳು ಕೆಡುವುದು.

ಇಂಗ್ಲಿಷ್ ಲಿಪಿಯ ವೆಬ್ ವಿಳಾಸದಲ್ಲಿ ಬಳಸಬಹುದಾದದ್ದು 26 ಅಕ್ಷರ, 10 ಅಂಕಿ, ಒಂದು ಅಡ್ಡಗೀಟು, ಅಷ್ಟೇ. ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ, ಎರಡು ಪದದ ನಡುವೆ ಜಾಗವಿಲ್ಲ. ನಮ್ಮ ಲ-ಳ, ನ-ಣ, ತ-ಟ, ಹ್ರಸ್ವ-ದೀರ್ಘ ಎಲ್ಲವೂ ಆ ಸಣ್ಣ ಜರಡಿಯಲ್ಲಿ ಜಾರಿ ಒಂದೇ ಕಡೆ ಬೀಳುತ್ತವೆ. ಬಿ-ಇ-ಎಲ್-ಇ ಅಂತ ಬರೆದರೆ ಬೇಳೆಯೋ, ಬೆಳೆಯೋ, ಬೆಲೆಯೋ? ಹುಳಿಪುಡಿ ಓದುವವರ ಬಾಯಲ್ಲಿ ಹುಲಿಪುಡಿ. ಹಾಲು ಮಾರುವವರು ಹೆಸರನ್ನು ಇಂಗ್ಲಿಷಿನಲ್ಲಿ ಬರೆಸಿದರೆ ಅದು ಹಾಳು ಅಂತಲೂ ಓದಿಸಿಕೊಳ್ಳುತ್ತದೆ. ನಿನ್ನ ಒರಳುಕಲ್ಲಿನ ಗತಿಯೂ ಹೀಗೇ: ಕೊನೆಯ ಐದು ಅಕ್ಷರವನ್ನು ಕಲ್ಲು ಅಂತ ಓದುವವರೆಷ್ಟೋ ಕಳ್ಳು ಅಂತ ಓದುವವರೂ ಅಷ್ಟೇ. ಅದರ ಮೇಲೆ ಮೊದಲ ನಾಲ್ಕು ಅಕ್ಷರ ಕನ್ನಡ ಬಾರದವರಿಗೆ ಟೂತ್‌ಪೇಸ್ಟಿನ ನೆನಪು ತರುತ್ತದೆ. ಒರಳುಕಲ್ಲನ್ನು ಬಿಡು.

ಬುತ್ತಿ ನನಗೂ ಇಷ್ಟದ ಪದವೇ. ಆದರೆ ಒಬ್ಬರು ಎರಡು ಟಿ ಹಾಕುತ್ತಾರೆ, ಇನ್ನೊಬ್ಬರು ಟಿ-ಎಚ್, ಮತ್ತೊಬ್ಬರು ಟಿ-ಟಿ-ಎಚ್. ತ ಬರೆಯುವಾಗ ಟಿ ಜೊತೆಗೆ ಎಚ್ ಸೇರಿಸುವುದು ದಕ್ಷಿಣದವರ ರೂಢಿ. ಮಹಾರಾಷ್ಟ್ರಕ್ಕೆ ಕಾಲಿಟ್ಟರೆ ಆ ಎಚ್ ಇರುವುದಿಲ್ಲ. ಪುಣೆಯಲ್ಲಿರುವ ಗಿರಾಕಿ ಬೇರೆ ಬರೆಯುತ್ತಾನೆ, ಮೈಸೂರಿನವನು ಬೇರೆ. ಎರಡು ಟಿ ಹಾಕಿ ಬರೆದದ್ದನ್ನು ಬುಟ್ಟಿ ಅಂತ ಓದಿದರೂ ತಪ್ಪಲ್ಲ. ಇನ್ನು ಅಮೆರಿಕದ ಕನ್ನಡಿಗರಿಗೂ ಕಳಿಸುತ್ತೇನೆ ಅಂತೀಯಲ್ಲ, ಅಲ್ಲೇ ಹುಟ್ಟಿ ಬೆಳೆದ ಅವರ ಮಕ್ಕಳು ಆ ಮೊದಲ ನಾಲ್ಕು ಅಕ್ಷರ ನೋಡಿ ನಗುತ್ತಾರೆ. ಇಂಗ್ಲಿಷಿನಲ್ಲಿ ಅದು ನಾವು ಕೂರುವ ಭಾಗ.

ಪದ ಜೋಡಿಸುವಾಗ ಇನ್ನೊಂದು ಗಂಟು ಬೀಳುತ್ತದೆ. ಮಲೆನಾಡು ಉಪ್ಪಿನಕಾಯಿ ಅನ್ನುವುದನ್ನು ಜಾಗ ಬಿಡದೆ ಬರೆದರೆ ಕೂಡುವಲ್ಲಿ ಎರಡು ಯು ಅಕ್ಕಪಕ್ಕ ನಿಲ್ಲುತ್ತವೆ. ಬೆರಳು ಒಂದನ್ನು ನುಂಗುತ್ತದೆ, ಗಿರಾಕಿ ಇನ್ಯಾರದೋ ಪುಟಕ್ಕೆ ಹೋಗಿ ನಿಲ್ಲುತ್ತಾನೆ. ಒಂದು ಪದದ ಕೊನೆಯ ಅಕ್ಷರವೂ ಮುಂದಿನ ಪದದ ಮೊದಲ ಅಕ್ಷರವೂ ಒಂದೇ ಆಗುವ ಜೋಡಿ ಬೇಡ. ಅಡ್ಡಗೀಟು ಹಾಕಿ ಬಿಡಿಸೋಣ ಅಂದರೆ ಅದನ್ನು ಬಾಯಲ್ಲಿ ಹೇಳುವುದು ಕಷ್ಟ. ಇನ್‌ಸ್ಟಾಗ್ರಾಮ್ ಹೆಸರಿನಲ್ಲಿ ಅಡ್ಡಗೀಟಿಗೆ ಅವಕಾಶವೇ ಇಲ್ಲ, ಅಲ್ಲಿ ನಡೆಯುವುದು ಚುಕ್ಕೆ ಮತ್ತು ಕೆಳಗೀಟು; ಕೆಳಗೀಟು ವೆಬ್ ವಿಳಾಸದಲ್ಲಿ ನಡೆಯುವುದಿಲ್ಲ. ಎರಡೂ ಕಡೆ ಒಂದೇ ಹೆಸರು ಬೇಕಾದರೆ ಬರೀ ಅಕ್ಷರಗಳೇ ಇರಬೇಕು. ಅಂಕಿಯೂ ಬೇಡ. ಏಳು ಅಂದಾಗ ಅಂಕಿ ಒತ್ತಬೇಕೋ ಅಕ್ಷರದಲ್ಲಿ ಬರೆಯಬೇಕೋ ಕೇಳಿದವರಿಗೆ ಗೊತ್ತಾಗುವುದಿಲ್ಲ.

ಪರೀಕ್ಷೆ ಸುಲಭ. ಹತ್ತು ಜನರಿಗೆ ಫೋನ್ ಮಾಡು. ಮೂವರು ಊರಿನವರು, ಮೂವರು ಬೆಂಗಳೂರು-ಮೈಸೂರು ಕಡೆಯವರು, ಇಬ್ಬರು ಹೊರರಾಜ್ಯದ ಕನ್ನಡಿಗರು, ಇಬ್ಬರು ಕನ್ನಡ ಬಾರದವರು. ಹೆಸರನ್ನು ಒಂದೇ ಸಲ ಹೇಳಿ, ಅಕ್ಷರ ಬಿಡಿಸಿ ಹೇಳದೆ, ಇಂಗ್ಲಿಷಿನಲ್ಲಿ ಬರೆದು ವಾಟ್ಸಾಪ್ ಮಾಡಲು ಕೇಳು. ಎಂಟು ಜನ ಒಂದೇ ರೀತಿ ಬರೆದರೆ ಹೆಸರು ಗಟ್ಟಿ. ಹೆಚ್ಚುಕಮ್ಮಿ ಅರ್ಧರ್ಧ ಎರಡು ಥರ ಬಂದರೆ ಎರಡೂ ವಿಳಾಸ ಕೊಂಡು ಒಂದನ್ನು ಇನ್ನೊಂದಕ್ಕೆ ತಿರುಗಿಸಬಹುದು. ಮೂರು ನಾಲ್ಕು ಥರ ಬಂದರೆ ಹೆಸರನ್ನೇ ಬಿಡುವುದು ಮೇಲು. ಆಮೇಲೆ ಉಲ್ಟಾ ಪರೀಕ್ಷೆ: ಇಂಗ್ಲಿಷಿನಲ್ಲಿ ಬರೆದದ್ದನ್ನು ಬೇರೆ ಐದು ಜನರಿಗೆ ತೋರಿಸಿ ಗಟ್ಟಿಯಾಗಿ ಓದಿಸು. ಫೋನಿನ ಗೂಗಲ್‌ಗೂ ಬಾಯಲ್ಲಿ ಹೇಳಿ ನೋಡು, ಈಗ ಮೈಕ್ ಒತ್ತಿ ಹುಡುಕುವವರು ಬಹಳ.

ಈ ಜರಡಿಯಲ್ಲಿ ಕುಸುಬಿ ಚೆನ್ನಾಗಿ ನಿಲ್ಲುತ್ತದೆ. ಆರೇ ಅಕ್ಷರ, ದೀರ್ಘವಿಲ್ಲ, ಳ-ಣ ಇಲ್ಲ, ಒತ್ತಕ್ಷರವಿಲ್ಲ. ಕನ್ನಡ ಬಾರದವರೂ ಕೇಳಿದ ಹಾಗೇ ಬರೆಯುತ್ತಾರೆ. ನಮ್ಮ ಕಡೆಯ ಎರಿಹೊಲದ ಬೆಳೆಯ ಹೆಸರಾದ್ದರಿಂದ ಊರಿನ ವಾಸನೆಯೂ ಇದೆ. ನಾಳೆ ಯಾರಾದರೂ ಸಂಖ್ಯಾಶಾಸ್ತ್ರದವರು ಒಂದು ಯು ಜಾಸ್ತಿ ಹಾಕಿದರೆ ಒಳ್ಳೆಯದು ಅಂದಾರು. ಆ ಯು ಪೂಜೆಯ ಚೀಟಿಯಲ್ಲಿರಲಿ, ವಿಳಾಸದಲ್ಲಿ ಬೇಡ.

ಇನ್ನು ಕಾನೂನು. ಟ್ರೇಡ್ ಮಾರ್ಕ್ ಕಾಯ್ದೆ 1999ರದ್ದು. ಅದರ 9ನೇ ಸೆಕ್ಷನ್ ಪ್ರಕಾರ ಸರಕಿನ ಬಗೆ, ಗುಣ, ಪ್ರಮಾಣ ಅಥವಾ ಬಂದ ಊರನ್ನಷ್ಟೇ ಹೇಳುವ ಹೆಸರು ಸುಮ್ಮನೆ ನೋಂದಣಿಯಾಗುವುದಿಲ್ಲ. ಧಾರವಾಡ ಅಂದರೆ ಊರು, ಚಟ್ನಿ ಅಂದರೆ ಸರಕು, ಮನೆ ಅಂದರೆ ಎಲ್ಲರೂ ಬಳಸುವ ಬಾಲ. ಮೂರನ್ನೂ ಸೇರಿಸಿದರೂ ನಿನ್ನದು ಅನ್ನುವಂಥದ್ದು ಅಲ್ಲಿ ಏನೂ ಇಲ್ಲ. ಬಹಳ ವರ್ಷ ಬಳಸಿ ಜನರ ಮನಸ್ಸಿನಲ್ಲಿ ನಿಂತ ಮೇಲೆ ಅಂಥ ಹೆಸರಿಗೂ ನೋಂದಣಿ ಸಿಗಬಹುದು, ಆದರೆ ಅಲ್ಲಿಯತನಕ ಎದುರಿನ ಅಂಗಡಿಯವನು ಧಾರವಾಡ ಚಟ್ನಿ ಅಂಗಳ ಅಂತ ಇಟ್ಟುಕೊಂಡರೆ ತಡೆಯುವುದು ಕಷ್ಟ. ಜೊತೆಗೆ ಮನೆ ಅನ್ನುವುದು ಇಂಗ್ಲಿಷ್ ಓದುವವರಿಗೆ ಕುದುರೆಯ ಜೂಲು.

ಬ್ಯಾಡಗಿ ಖಾರದ ತೊಡಕು ಇನ್ನೂ ಒಂದು ಹೆಜ್ಜೆ ಮುಂದಿನದು. ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಧಾರವಾಡ ಪೇಡೆಗೂ ಇದೆ. ಅಂಥ ಹೆಸರು ಆ ಪ್ರದೇಶದ ಬೆಳೆಗಾರರಿಗೋ ತಯಾರಕರಿಗೋ ಸಾಮೂಹಿಕವಾಗಿ ಸೇರಿದ್ದು. ಒಬ್ಬರ ಟ್ರೇಡ್ ಮಾರ್ಕ್ ಮಾಡಿಕೊಳ್ಳಲು ಹೊರಟರೆ ಆಕ್ಷೇಪಣೆ ಖಂಡಿತ. ನಿನ್ನ ಪುಡಿಯಲ್ಲಿ ನಿಜವಾಗಿ ಬ್ಯಾಡಗಿ ಕಾಯಿಯನ್ನೇ ಹಾಕಿದ್ದರೆ ಪೊಟ್ಟಣದ ಹಿಂದೆ ಪದಾರ್ಥಗಳ ಸಾಲಿನಲ್ಲಿ ಹಾಗಂತ ಬರೆ, ಸಾಕು.

ಕುಸುಬಿಗೂ ಆ 9ನೇ ಸೆಕ್ಷನ್ನಿನ ಬಿಸಿ ತಟ್ಟಬಹುದಾದ ಜಾಗ ಒಂದಿದೆ. ಚಟ್ನಿಪುಡಿಗೆ, ರೊಟ್ಟಿಗೆ ಅದು ಸರಕನ್ನು ವರ್ಣಿಸುವುದಿಲ್ಲ, ಹಾಗಾಗಿ ಹೆಸರಾಗಿ ನಿಲ್ಲುತ್ತದೆ. ಮುಂದೆ ಗಾಣದ ಕುಸುಬಿ ಎಣ್ಣೆಯನ್ನೂ ಅದೇ ಹೆಸರಲ್ಲಿ ಮಾರಹೊರಟರೆ ಆ ಎಣ್ಣೆಯ ಮಟ್ಟಿಗೆ ಅದು ಬರೀ ಸರಕಿನ ಹೆಸರಾಗುತ್ತದೆ. ಎಣ್ಣೆ ಮಾರುವ ಯೋಚನೆ ಇದ್ದರೆ ಈಗಲೇ ಹೇಳು, ಬೇರೆ ಹೆಸರು ಹುಡುಕೋಣ.

ಹುಡುಕಾಟಕ್ಕೆ ಬೌದ್ಧಿಕ ಆಸ್ತಿ ಇಲಾಖೆಯ ವೆಬ್‌ಸೈಟಿನಲ್ಲಿ ಟ್ರೇಡ್ ಮಾರ್ಕ್ ಸಾರ್ವಜನಿಕ ಶೋಧ ಇದೆ, ಹಣ ಕೊಡಬೇಕಿಲ್ಲ. ಅದರಲ್ಲಿ ವರ್ಗದ ಸಂಖ್ಯೆ ಕೇಳುತ್ತದೆ. ಒಟ್ಟು 45 ವರ್ಗಗಳು. ಮಸಾಲೆಪುಡಿ, ಚಟ್ನಿಪುಡಿ, ರೊಟ್ಟಿ 30ನೇ ವರ್ಗ, ಉಪ್ಪಿನಕಾಯಿ 29, ಅಂಗಡಿ ಅಥವಾ ಆನ್‌ಲೈನ್ ಮಾರಾಟದ ಸೇವೆ 35. ಮೂರರಲ್ಲೂ ಹುಡುಕು. ಪದವನ್ನು ಇದ್ದ ಹಾಗೇ ಹುಡುಕಿ ಸಿಗಲಿಲ್ಲ ಅಂತ ಖುಷಿಪಡಬೇಡ, ಉಚ್ಚಾರಣೆಯ ಶೋಧವನ್ನೂ ಮಾಡು. ಕೆ ಬದಲು ಸಿ, ಯು ಬದಲು ಎರಡು ಓ ಹಾಕಿದವರೂ ಅಲ್ಲಿ ಕಾಣಿಸುತ್ತಾರೆ, ಕಾನೂನಿನ ಕಣ್ಣಿಗೆ ಅವರೂ ನಿನ್ನ ಹೆಸರಿನವರೇ. ಸ್ಥಿತಿಯ ಕಾಲಮ್ಮಿನಲ್ಲಿ ಆಬ್ಜೆಕ್ಟೆಡ್ ಅಂತಿದ್ದರೆ ಅರ್ಜಿ ಸತ್ತಿದೆ ಅಂತಲ್ಲ, ಇಲಾಖೆ ಪ್ರಶ್ನೆ ಕೇಳಿದೆ ಅಂತ ಅಷ್ಟೇ.

ನೋಂದಣಿ ಪುಸ್ತಕದಲ್ಲಿ ಇಲ್ಲದವರ ಹಕ್ಕೂ ಸಣ್ಣದಲ್ಲ. ನಮ್ಮ ದೇಶದಲ್ಲಿ ಮೊದಲು ಬಳಸಿದವರಿಗೆ ಮೊದಲು ನೋಂದಾಯಿಸಿದವರಿಗಿಂತ ಬಲ ಹೆಚ್ಚು. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾದ ವ್ಯಾಜ್ಯದಲ್ಲಿ ಎರಡೂ ಕಡೆಯವರ ಕೈಯಲ್ಲಿ ನೋಂದಣಿ ಇತ್ತು. 2015ರಲ್ಲಿ ಸುಪ್ರೀಂ ಕೋರ್ಟು ತಲೆಮಾರುಗಳಿಂದ ಆ ಹೆಸರಲ್ಲಿ ಹಲ್ವಾ ಮಾರುತ್ತಿದ್ದ ಅಂಗಡಿಯ ಕಡೆಗೇ ತೀರ್ಪು ಕೊಟ್ಟಿತು. ಆದ್ದರಿಂದ ಗೂಗಲ್ ಮ್ಯಾಪಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ, ಅಮೆಜಾನಿನಲ್ಲಿ, ಇಂಡಿಯಾಮಾರ್ಟಿನಲ್ಲಿ ಹುಡುಕು. ವಿಜಯಪುರದ ಸಂತೆಯಲ್ಲಿ ಹತ್ತು ವರ್ಷದಿಂದ ಅದೇ ಹೆಸರಲ್ಲಿ ಖಾರಪುಡಿ ಮಾರುವ ಅಕ್ಕ ಒಬ್ಬಳಿದ್ದರೆ ಆಕೆ ನೋಂದಾಯಿಸಿಲ್ಲ ಅನ್ನುವುದು ನಿನಗೆ ರಕ್ಷಣೆಯಲ್ಲ.

ವೆಬ್ ವಿಳಾಸಕ್ಕೂ ಇದೇ ಲೆಕ್ಕ. ಸಿಫಿ ಕಂಪನಿ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ ಹೋದದ್ದು, ಎಫ್ ಅಕ್ಷರವನ್ನು ಎರಡು ಸಲ ಬರೆದು ಸಿಫ್ಫಿನೆಟ್ ಅಂತ ವಿಳಾಸ ಪಡೆದಿದ್ದವರ ಮೇಲೆ. ಸಿಟಿ ಸಿವಿಲ್ ಕೋರ್ಟು ಕೊಟ್ಟ ತಡೆಯಾಜ್ಞೆಯನ್ನು ಹೈಕೋರ್ಟು ತೆಗೆಯಿತು, 2004ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಎತ್ತಿಹಿಡಿಯಿತು. ಡೊಮೈನ್ ಹೆಸರಿಗೂ, ಅಂದರೆ ವೆಬ್ ವಿಳಾಸಕ್ಕೂ, ಟ್ರೇಡ್ ಮಾರ್ಕಿನಂಥದೇ ರಕ್ಷಣೆ ಇದೆ ಅನ್ನುವುದು ಅಲ್ಲಿಂದ ಗಟ್ಟಿಯಾಯಿತು. ಬೇಕಾದ ವಿಳಾಸ ಬೇರೆಯವರ ಹತ್ತಿರ ಇದೆ, ಒಂದಕ್ಷರ ಹೆಚ್ಚಿಗೆ ಹಾಕಿ ತಗೊಳ್ಳೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಈ ಕೇಸನ್ನು ನೆನಪಿಸು.

ಹುಡುಕಿ ಚೊಕ್ಕಟವಾಗಿದೆ ಅಂತ ಕಂಡ ದಿನವೇ ಎರಡು ಕೆಲಸ ಮುಗಿಸು: ವಿಳಾಸ ಕೊಳ್ಳುವುದು, ಟ್ರೇಡ್ ಮಾರ್ಕ್ ನೋಂದಣಿಗೆ ಟಿಎಂ-ಎ ಅನ್ನುವ ಅರ್ಜಿ ಹಾಕುವುದು. ಒಬ್ಬ ವ್ಯಕ್ತಿಯ ಅಥವಾ ಸಣ್ಣ ಉದ್ದಿಮೆಯ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ ವರ್ಗವೊಂದಕ್ಕೆ 4,500 ರೂಪಾಯಿ ಸರ್ಕಾರಿ ಶುಲ್ಕ, ದೊಡ್ಡ ಕಂಪನಿಗಾದರೆ 9,000. ಸದ್ಯಕ್ಕೆ 30ನೇ ವರ್ಗ ಸಾಕು. ಇಲಾಖೆ ಅರ್ಜಿ ನೋಡಿ ತನ್ನ ಆಕ್ಷೇಪಗಳನ್ನು ಬರೆದು ಕಳಿಸುವ ಪರೀಕ್ಷಾ ವರದಿ ಬಂದರೆ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಇದನ್ನು ಮರೆತು ಅರ್ಜಿ ಕಳೆದುಕೊಳ್ಳುವವರು ಬಹಳ, ಏಕೆಂದರೆ ವರದಿ ಬರುವುದು ಅರ್ಜಿಯಲ್ಲಿ ಕೊಟ್ಟ ಇಮೇಲಿಗೆ, ಅದು ಏಜೆಂಟನದಾಗಿರುತ್ತದೆ. ಇಲಾಖೆಯ ಜರ್ನಲ್ಲಿನಲ್ಲಿ ಹೆಸರು ಪ್ರಕಟವಾದ ಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ಪ್ರಮಾಣಪತ್ರ ಬಂದರೆ ನೋಂದಣಿ ಅರ್ಜಿ ಹಾಕಿದ ದಿನದಿಂದ 10 ವರ್ಷ ನಡೆಯುತ್ತದೆ. ಪ್ರಮಾಣಪತ್ರ ಬರುವತನಕ ಹೆಸರಿನ ಪಕ್ಕ ಟಿಎಂ ಅಂತ ಹಾಕಿಕೊಳ್ಳಬಹುದು. ವೃತ್ತದೊಳಗಿನ ಆರ್ ನೋಂದಣಿಯಾದವರಿಗೆ ಮಾತ್ರ, ಮೊದಲೇ ಹಾಕಿದರೆ ಕಾನೂನಿನ ತಪ್ಪು. ಪೌಚು ಅಚ್ಚು ಹಾಕಿಸುವ ಅವಸರವೂ ಬೇಡ. ಬಣ್ಣಕ್ಕೊಂದು ಅಚ್ಚಿನ ಸಿಲಿಂಡರ್ ಮಾಡಿಸಿದ ಮೇಲೆ ಹೆಸರು ಬದಲಾದರೆ ಅಷ್ಟೂ ದುಡ್ಡು ನೀರಿಗೆ. ಪರೀಕ್ಷಾ ವರದಿ ಬರುವತನಕ ಸಾದಾ ಪೌಚಿಗೆ ಸ್ಟಿಕ್ಕರ್ ಅಂಟಿಸು.

ಡಾಟ್ ಕಾಮ್ ಬೇಕೋ ಡಾಟ್ ಇನ್ ಬೇಕೋ ಅಂತ ಕೇಳಿದ್ದೆ. ಸಿಕ್ಕರೆ ಎರಡೂ. ಒಂದೇ ಅಂದರೆ, ಗಿರಾಕಿಗಳಲ್ಲಿ ಹೆಚ್ಚಿನವರು ಇಲ್ಲಿಯವರಾದ್ದರಿಂದ ಡಾಟ್ ಇನ್ ಸಾಕು. ಅದನ್ನು ನೋಡಿಕೊಳ್ಳುವುದು ನಿಕ್ಸಿ ಅನ್ನುವ ನಮ್ಮದೇ ದೇಶದ ಸಂಸ್ಥೆ, ತಕರಾರು ಬಂದರೆ ಇಲ್ಲೇ ಮಧ್ಯಸ್ಥಗಾರರ ಮುಂದೆ ಬಗೆಹರಿಯುತ್ತದೆ. ಆದರೆ ಅದೇ ಹೆಸರಿನ ಡಾಟ್ ಕಾಮ್‌ನಲ್ಲಿ ಇನ್ಯಾರೋ ತಿನ್ನುವ ಪದಾರ್ಥವನ್ನೇ ಮಾರುತ್ತಿದ್ದರೆ ಹೆಸರನ್ನೇ ಬಿಡು, ನಿನ್ನ ಜಾಹೀರಾತಿನ ದುಡ್ಡು ಅವರ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ. ಡಾಟ್ ಸ್ಟೋರ್, ಡಾಟ್ ಶಾಪ್ ಇವೆಲ್ಲ ಮೊದಲ ವರ್ಷ ಚಿಲ್ಲರೆ ಕಾಸಿಗೆ ಸಿಗುತ್ತವೆ, ನವೀಕರಣಕ್ಕೆ ಹಲವು ಪಟ್ಟು ಕೇಳುತ್ತಾರೆ. ಡಾಟ್ ಕಾಮ್‌ನ ಸಗಟು ಬೆಲೆಯೇ ವರ್ಷಕ್ಕೆ ಹತ್ತು ಡಾಲರಿಗಿಂತ ಹೆಚ್ಚು. 99 ರೂಪಾಯಿಗೆ ಕೊಡುವವರು ಎರಡನೇ ವರ್ಷದಲ್ಲಿ ವಸೂಲು ಮಾಡಿಕೊಳ್ಳುತ್ತಾರೆ. ಕೊಳ್ಳುವ ಮುಂಚೆ ನವೀಕರಣದ ದರ ನೋಡು, ಅದರ ಮೇಲೆ ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕು.

ಕನ್ನಡ ಲಿಪಿಯಲ್ಲೇ ಡಾಟ್ ಭಾರತ ವಿಳಾಸವೂ ಸಿಗುತ್ತದೆ. ಆಸೆ ಪಡುವಂಥದ್ದೇ. ಆದರೆ ಒಳಗಡೆ ಕಂಪ್ಯೂಟರು ಅದನ್ನು ಎಕ್ಸ್-ಎನ್ ಮತ್ತು ಎರಡು ಗೀಟಿನಿಂದ ಶುರುವಾಗುವ ಅರ್ಥವಿಲ್ಲದ ಅಕ್ಷರಮಾಲೆಯಾಗಿ ಮಾಡಿಕೊಳ್ಳುತ್ತದೆ. ಲಿಂಕ್ ಹಂಚಿದಾಗ ಕೆಲವು ಕಡೆ ಆ ರೂಪವೇ ಕಾಣಿಸಿ ಗಿರಾಕಿ ವೈರಸ್ ಇರಬೇಕು ಅಂತ ಹೆದರುತ್ತಾನೆ. ಆ ವಿಳಾಸದ ಇಮೇಲನ್ನು ಎಷ್ಟೋ ಅರ್ಜಿನಮೂನೆಗಳು ತಪ್ಪು ಅಂತ ತಳ್ಳುತ್ತವೆ. ಹಿತ್ತಲ ಬಾಗಿಲಾಗಿ ಒಂದು ಕೊಂಡಿಟ್ಟು ಮುಖ್ಯ ವಿಳಾಸಕ್ಕೆ ತಿರುಗಿಸಿದರೆ ಸಾಕು.

ಇದನ್ನು ಮಾತ್ರ ಎರಡು ಸಲ ಓದು. ವಿಳಾಸ ನಿನ್ನ ಹೆಸರಲ್ಲೇ ಇರಬೇಕು. ವೆಬ್‌ಸೈಟ್ ಮಾಡಿಕೊಡುವ ಹುಡುಗರು ನಾವೇ ಎಲ್ಲ ನೋಡ್ಕೋತೀವಿ ಅಕ್ಕಾ ಅಂತ ತಮ್ಮ ಖಾತೆಯಲ್ಲಿ, ತಮ್ಮ ಇಮೇಲಿನಲ್ಲಿ ಕೊಳ್ಳುತ್ತಾರೆ. ದಾಖಲೆಯಲ್ಲಿ ರಿಜಿಸ್ಟ್ರಂಟ್, ಅಂದರೆ ನೋಂದಾಯಿಸಿಕೊಂಡವರು, ಅಂತ ಯಾರ ಹೆಸರಿದೆಯೋ ಅವರೇ ಒಡೆಯರು, ದುಡ್ಡು ಯಾರು ಕೊಟ್ಟರು ಅನ್ನುವುದನ್ನು ಅಲ್ಲಿ ಯಾರೂ ಕೇಳುವುದಿಲ್ಲ. ವಿಳಾಸ ಮಾರುವ ಕಂಪನಿಯಲ್ಲಿ ಖಾತೆ ನೀನೇ ತೆರೆ, ನಿನ್ನ ಕಾರ್ಡಿನಿಂದ ಕೊಡು, ಬಿಲ್ಲು ಇಳಿಸಿಕೋ. ಅವರಿಗೆ ಬೇಕಾದದ್ದು ನೇಮ್‌ಸರ್ವರ್, ಅಂದರೆ ವಿಳಾಸದ ದಾಖಲೆಗಳನ್ನು ಇಟ್ಟುಕೊಳ್ಳುವ ಕಂಪ್ಯೂಟರ್, ಅದನ್ನು ಬದಲಿಸುವ ಅನುಮತಿ ಮಾತ್ರ. ಖಾತೆಗೆ ಕೊಡುವ ಇಮೇಲ್ ಅದೇ ವಿಳಾಸದ್ದಾಗಿರಬಾರದು: ವಿಳಾಸದ ಅವಧಿ ಮುಗಿದ ದಿನ ಆ ಇಮೇಲೂ ನಿಲ್ಲುತ್ತದೆ, ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವ ಜಾಗವೇ ಮುಚ್ಚಿಹೋಗುತ್ತದೆ. ಡಾಟ್ ಕಾಮ್ ಕೊಂಡ ಕೂಡಲೇ ಇಮೇಲ್ ಖಚಿತಪಡಿಸಿ ಅಂತ ಒಂದು ಪತ್ರ ಬರುತ್ತದೆ, 15 ದಿನದೊಳಗೆ ಒತ್ತದಿದ್ದರೆ ವಿಳಾಸ ಸ್ತಬ್ಧವಾಗುತ್ತದೆ. ಹೊಸ ವಿಳಾಸವನ್ನು ಸಾಮಾನ್ಯವಾಗಿ 60 ದಿನ ಬೇರೆ ಕಂಪನಿಗೆ ವರ್ಗಾಯಿಸಲಾಗುವುದಿಲ್ಲ. ಹಾಗಾಗಿ ಮೊದಲೇ ನೋಡಿ ಆರಿಸು.

ನವೀಕರಣ ತಾನಾಗೇ ಆಗುತ್ತದೆ ಅಂತ ನಂಬಬೇಡ. 2021ರಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬಂದ ಮೇಲೆ ಹೊರದೇಶದ ಕಂಪನಿಗಳು ನಮ್ಮ ಕಾರ್ಡಿನಿಂದ ತಾವಾಗೇ ದುಡ್ಡು ಎಳೆಯುವುದು ಅನೇಕ ಸಲ ಆಗುವುದೇ ಇಲ್ಲ. ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಡು, ಒಂದೇ ಸಲ 10 ವರ್ಷದವರೆಗೂ ಕಟ್ಟಬಹುದು. ತಪ್ಪಿ ಅವಧಿ ಮುಗಿದರೆ ಡಾಟ್ ಕಾಮ್‌ಗೆ ಸುಮಾರು 45 ದಿನದವರೆಗೆ ಮಾಮೂಲಿ ದರದಲ್ಲಿ ಉಳಿಸಿಕೊಳ್ಳುವ ಅವಕಾಶ ಇರಬಹುದು, ಅದು ಕಂಪನಿಯ ಮರ್ಜಿ. ಆಮೇಲೆ 30 ದಿನ ದೊಡ್ಡ ದಂಡ ಕಟ್ಟಿ ಬಿಡಿಸಿಕೊಳ್ಳುವ ಕಾಲ, ಆಮೇಲೆ 5 ದಿನ ಬೀಗ, ಆಮೇಲೆ ಸಂತೆಗೆ. ಎಷ್ಟೋ ಕಂಪನಿಗಳು ಅಷ್ಟೂ ಕಾಯದೆ ಹರಾಜಿಗೆ ಹಾಕುತ್ತವೆ.

ಇಮೇಲಿನ ವಿಷಯ ಬೇಗ ಹೇಳಿಬಿಡುತ್ತೇನೆ. ವಿಳಾಸದ ಜೊತೆ ಕೆಲವು ದಾಖಲೆಗಳನ್ನು ಬರೆದಿಡಬೇಕು. ಎಂಎಕ್ಸ್ ಅನ್ನುವ ದಾಖಲೆ ನಿನಗೆ ಬರುವ ಇಮೇಲ್ ಎಲ್ಲಿಗೆ ತಲುಪಬೇಕು ಅನ್ನುವುದನ್ನು ಹೇಳುತ್ತದೆ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಳಿಸಿದವಳು ನೀನೇ ಅನ್ನುವುದಕ್ಕೆ ಸಾಕ್ಷಿ. ಇವು ಸರಿಯಿಲ್ಲದಿದ್ದರೆ ನಿನ್ನ ಬಿಲ್ಲುಗಳು ಸ್ಪ್ಯಾಮಿನಲ್ಲಿ ಬೀಳುತ್ತವೆ. ಎಲ್ಲರೂ ಮಾಡುವ ತಪ್ಪು ಎಂದರೆ ಇಮೇಲ್ ಕಂಪನಿಗೊಂದು, ಆರ್ಡರ್ ಸಂದೇಶ ಕಳಿಸುವ ಸೇವೆಗೊಂದು ಅಂತ ಎರಡು ಎಸ್‌ಪಿಎಫ್ ಸಾಲು ಹಾಕುವುದು. ಎರಡಿದ್ದರೆ ಎರಡೂ ಕೆಲಸ ಮಾಡುವುದಿಲ್ಲ, ಒಂದೇ ಸಾಲಿನಲ್ಲಿ ಸೇರಿಸಬೇಕು. ನೇಮ್‌ಸರ್ವರ್ ಬದಲಿಸುವ ಮುಂಚೆ ಹಳೆಯ ದಾಖಲೆಗಳ ಚಿತ್ರ ತೆಗೆದಿಟ್ಟುಕೋ. ಇಲ್ಲದಿದ್ದರೆ ಹೊಸ ಸೈಟು ತೆರೆಯುತ್ತದೆ, ಇಮೇಲ್ ನಿಲ್ಲುತ್ತದೆ. ಸೈಟು ಮೊದಲ ದಿನವೇ ಬೇಕಿಲ್ಲ, ವಿಳಾಸವನ್ನು ವಾಟ್ಸಾಪ್ ಕ್ಯಾಟಲಾಗಿಗೆ ತಿರುಗಿಸಿಟ್ಟರೂ ವ್ಯಾಪಾರ ನಡೆಯುತ್ತದೆ.

ಕೊಂಡ ಕೆಲವೇ ದಿನದಲ್ಲಿ ಬೆದರಿಕೆಯ ಪತ್ರಗಳು ಬರುತ್ತವೆ. ಚೀನಾದಲ್ಲಿ ಯಾರೋ ನಿಮ್ಮ ಹೆಸರನ್ನು ನೋಂದಾಯಿಸುತ್ತಿದ್ದಾರೆ, ಕೂಡಲೇ ದುಡ್ಡು ಕಟ್ಟಿ ಅಂತ ಒಂದು; ಟ್ರೇಡ್ ಮಾರ್ಕ್ ಪ್ರಕಟಣೆಯ ಶುಲ್ಕ ಅಂತ ಸರ್ಕಾರಿ ಮೊಹರಿನಂಥದ್ದನ್ನು ಹಾಕಿದ ಇನ್ನೊಂದು. ನಿನ್ನ ವಿಳಾಸ ಸಾರ್ವಜನಿಕ ದಾಖಲೆಯಲ್ಲಿ ಸಿಕ್ಕಿರುತ್ತದೆ, ಅಷ್ಟೇ. ನೀನು ಕೊಂಡ ಖಾತೆಗೇ ಹೋಗಿ ನೋಡದೆ ಯಾವ ಕೊಂಡಿಯನ್ನೂ ಒತ್ತಬೇಡ.

ಇನ್ನು ಕಾಗದಪತ್ರ. ಒಬ್ಬಳದೇ ಅಂಗಡಿಯಾದರೆ ಕಂಪನಿ ನೋಂದಣಿ ಬೇಕಿಲ್ಲ. ಜಿಎಸ್‌ಟಿಯಲ್ಲಿ ಕಾನೂನಿನ ಹೆಸರು ಪ್ಯಾನಿನಲ್ಲಿರುವ ನಿನ್ನ ಹೆಸರು, ವ್ಯಾಪಾರದ ಹೆಸರು ಬೇರೆ ಕಾಲಮ್ಮಿನಲ್ಲಿ. ಸಣ್ಣ ಉದ್ದಿಮೆಯ ಉದ್ಯಮ್ ನೋಂದಣಿ, ಆಹಾರ ಮಾರಾಟದ ಎಫ್‌ಎಸ್‌ಎಸ್‌ಎಐ ಪತ್ರ, ಅಂಗಡಿ ಕಾಯ್ದೆಯ ಪತ್ರ ಎಲ್ಲದರಲ್ಲೂ ಇಂಗ್ಲಿಷ್ ಸ್ಪೆಲಿಂಗ್ ಅಕ್ಷರಕ್ಕಕ್ಷರ ಒಂದೇ ಇರಲಿ. ಚಾಲ್ತಿ ಖಾತೆಗೆ ಬ್ಯಾಂಕು ಅಂಗಡಿ ಹೆಸರಿನ ಎರಡು ದಾಖಲೆ ಕೇಳುತ್ತದೆ, ಒಂದರಲ್ಲಿ ಒಂದು ಯು ಹೆಚ್ಚಿದ್ದರೂ ವಾಪಸು. ಗೂಗಲ್ ಮ್ಯಾಪಿನಲ್ಲಿ ಬೋರ್ಡಿನ ಮೇಲೆ ಇರುವ ಹೆಸರನ್ನಷ್ಟೇ ಹಾಕು. ಹುಬ್ಬಳ್ಳಿಯ ನಂಬರ್ ಒನ್ ಶೇಂಗಾ ಚಟ್ನಿ ಅಂತ ಬಾಲ ಕಟ್ಟಿದರೆ ಪುಟವನ್ನೇ ಅಮಾನತು ಮಾಡುತ್ತಾರೆ. ಬೋರ್ಡು ಬರೆಸುವಾಗ 2024ರ ತಿದ್ದುಪಡಿಯ ಪ್ರಕಾರ ಶೇಕಡಾ 60 ಭಾಗ ಕನ್ನಡ, ಅದೂ ಮೇಲುಭಾಗದಲ್ಲಿ. ವಿಳಾಸವನ್ನು ಕೆಳಗಿನ ಸಾಲಿನಲ್ಲಿ ಸಣ್ಣಕ್ಷರದಲ್ಲಿ ಬರೆಸು. ಇಂಗ್ಲಿಷಿನ ದೊಡ್ಡಕ್ಷರದ ಐ ಮತ್ತು ಸಣ್ಣಕ್ಷರದ ಎಲ್ ದೂರದಿಂದ ಒಂದೇ ಥರ ಕಾಣುತ್ತವೆ.

ಕುಸುಬಿಯ ಜೊತೆ ಇನ್ನೆರಡು ಹೆಸರು ಯೋಚಿಸಿಟ್ಟುಕೋ, 30ನೇ ವರ್ಗದಲ್ಲಿ ಅದು ಸಿಗದಿದ್ದರೆ ಬೇಕಾಗುತ್ತದೆ. ಆ ಎರಡನ್ನು ಮಾತ್ರ ವಾಟ್ಸಾಪಿನಲ್ಲಿ ಕಳಿಸಬೇಡ. ಭಾನುವಾರ ಫೋನ್ ಮಾಡಿ ನಿಮ್ಮಪ್ಪನಿಗೆ ಬಾಯಲ್ಲೇ ಹೇಳು, ಒಂದೇ ಸಲ. ಅವರು ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಫೋಟೋ ತೆಗೆದು ಕಳಿಸುತ್ತೇನೆ.

ಇಂತಿ,
ನಿನ್ನ ಅವ್ವ